ತಂತಿ ಚುಚ್ಚಿದರೆ ಶ್ರುತಿ ಇಳಿಯುತ್ತಿದ್ದ ಸೀಕ್ವೆನ್ಸರ್

ಸಿಡಿ4017 ಎಂಬ ಎಣಿಕೆ ಚಿಪ್ಪಿನ ಎಂಟು ಹಂತದ ಸೀಕ್ವೆನ್ಸರ್ (ಸಿಂಥಸೈಜರಿಗೆ ಸ್ವರಗಳ ವೋಲ್ಟೇಜನ್ನು ಒಂದೊಂದಾಗಿ ಕೊಡುವ ಸಾಧನ), 5 ವೋಲ್ಟ್ ಸಪ್ಲೈ. ಔಟ್‌ಪುಟ್ಟಿಗೆ ಬರಿ ಮೀಟರ್ ಹಿಡಿದಾಗ ಸುಮಾರು 2 ವೋಲ್ಟ್. ಸ್ವರ ಹುಟ್ಟಿಸುವ ಆಸಿಲೇಟರಿಗೆ ಚುಚ್ಚಿದೊಡನೆ 1.6ರ ಆಸುಪಾಸು. ಆಕ್ಟೇವಿಗೆ 1 ವೋಲ್ಟ್ ಅಂದರೆ ಅರ್ಧಸ್ವರಕ್ಕೆ 83 ಮಿಲಿವೋಲ್ಟ್. ಹೆಚ್ಚುಕಡಿಮೆ ಐದು ಅರ್ಧಸ್ವರ ಕೆಳಗೆ!

ತಪ್ಪು ಸ್ವರ ಹೊಂದಿಸುವ 100ಕೆ (ಕಿಲೋಓಮ್) ಪಾಟ್‌ನದು, ಅಂದರೆ ತಿರುಗಿಸುವ ರೋಧಕದ್ದು. ನಡುವೆ ನಿಲ್ಲಿಸಿದಾಗ ಅದರ ಒಳರೋಧ 25ಕೆ, ಆಸಿಲೇಟರಿನ ಇನ್‌ಪುಟ್ 100ಕೆ. ಐದರಲ್ಲೊಂದು ಪಾಲು ಅಲ್ಲೇ ಹೋಯಿತು.

ಹಂತಕ್ಕೊಂದರಂತೆ ಇರುವ ಎಂಟು ಡಯೋಡು ಕೂಡುವಲ್ಲಿಂದ ಗ್ರೌಂಡಿಗೆ 1ಎಂ (ಮೆಗಾಓಮ್) ರೋಧಕ, ಮುಂದಕ್ಕೆ ಟಿಎಲ್072 ಆಪ್‌ಆಂಪಿನ ಬಫರ್ (ವೋಲ್ಟೇಜನ್ನು ಇಳಿಯಗೊಡದೆ ದಾಟಿಸುವ ಮಂಡಲ) ಹಾಕಿದೆ. ಇದಕ್ಕೆ ಆ 5 ವೋಲ್ಟ್ ಸಾಲದು, ±12 ವೋಲ್ಟ್ ಕೊಟ್ಟೆ. ಔಟ್‌ಪುಟ್ಟಿನಿಂದ ಜ್ಯಾಕಿಗೆ 1ಕೆ. ಬಫರಿಗೆ ಮರಳುವ ಫೀಡ್‌ಬ್ಯಾಕ್ ಈ 1ಕೆಯ ಜ್ಯಾಕಿನ ಬದಿಯಿಂದಲೇ ಬರಲಿ, ಇಲ್ಲದಿದ್ದರೆ ಒಂದೊಂದು ಆಸಿಲೇಟರಿಗೂ 20 ಮಿಲಿವೋಲ್ಟ್ ಇಳಿದು ಕಿವಿಗೆ ಬಡಿಯುತ್ತದೆ.

ಡಯೋಡಿನ ಕಾಟ ಉಳಿದೇ ಇದೆ: ಬಿಸಿ ಏರಿಳಿದಂತೆ ಅದರಲ್ಲಿ ಕಳೆಯುವ ವೋಲ್ಟೇಜ್ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಬದಲಾಗುತ್ತದೆ. ಹಾಸನದ ಡಿಸೆಂಬರ್ ಬೆಳಗಿನಲ್ಲಿ ಶ್ರುತಿ ಮಾಡಿದ್ದನ್ನು ಮಧ್ಯಾಹ್ನ ಮತ್ತೆ ನೋಡಲೇಬೇಕು.