ಕಾರಿನ ಬಾಗಿಲ ಲಾಚ್ ಹಿಡಿದುಕೊಂಡಾಗ ನಾನು ಸರಿಮಾಡುವ ಕ್ರಮ

ಬಾಗಿಲು ತೆಗೆಯದಿದ್ದರೆ ಎಲ್ಲರ ಕೈಯೂ ಮೊದಲು ಎಣ್ಣೆ ಸ್ಪ್ರೇ ಡಬ್ಬಿಗೆ ಹೋಗುತ್ತದೆ. ನಾನು ಮೊದಲು ಹ್ಯಾಂಡಲ್ ಎಳೆದು, ಅದು ಕೈಗೆ ಹೇಗೆ ಸಿಗುತ್ತದೆ ಎಂದು ನೋಡುತ್ತೇನೆ. ‘ಲಾಚ್ ಜಾಮ್ ಆಗಿದೆ’ ಎನ್ನುವ ಒಂದೇ ದೂರಿನ ಹಿಂದೆ ನಾಲ್ಕೈದು ಬೇರೆ ಬೇರೆ ಕಾರಣಗಳಿರುತ್ತವೆ. ಎಣ್ಣೆಯಿಂದ ವಾಸಿಯಾಗುವುದು ಅವುಗಳಲ್ಲಿ ಒಂದು ಮಾತ್ರ.

ಲಾಚಿನ ಒಳಗೆ ಮುಖ್ಯವಾದ ತುಂಡುಗಳು ಎರಡೇ. ಒಂದು, ಬಾಯಿ ತೆರೆದ ಕೊಕ್ಕೆಯಂತೆ ತಿರುಗುವ ತುಂಡು. ಬಾಗಿಲ ಚೌಕಟ್ಟಿನ ಮೇಲಿರುವ ಸ್ಟ್ರೈಕರ್ ಎಂಬ ಉಕ್ಕಿನ ಕೊಂಡಿಯನ್ನು ಸುತ್ತಿ ಹಿಡಿಯುವುದು ಇದೇ. ಇನ್ನೊಂದು, ಕೊಕ್ಕೆ ಹಿಂದಕ್ಕೆ ತಿರುಗದಂತೆ ಅದರ ಹಲ್ಲಿಗೆ ಅಡ್ಡ ನಿಲ್ಲುವ ಚಿಕ್ಕ ನಾಲಿಗೆ. ಇದಕ್ಕೆ ಪಾಲ್ ಎನ್ನುತ್ತಾರೆ. ಎರಡಕ್ಕೂ ಸ್ಪ್ರಿಂಗ್ ಇದೆ. ಬಾಗಿಲು ಹಾಕುವಾಗ ಬರುವ ಮೊದಲ ‘ಟಕ್’ ಅರ್ಧ ಹಿಡಿತ, ಎರಡನೆಯದು ಪೂರ್ತಿ ಹಿಡಿತ. ಹ್ಯಾಂಡಲ್ ಎಳೆದರೆ ರಾಡ್ ಅಥವಾ ಕೇಬಲ್ ಪಾಲನ್ನು ಎತ್ತುತ್ತದೆ, ಕೊಕ್ಕೆ ಹೊರಳಿ ಸ್ಟ್ರೈಕರನ್ನು ಬಿಡುತ್ತದೆ. ಬಹುತೇಕ ಕಾರುಗಳಲ್ಲಿ ಲಾಕ್ ಮಾಡುವುದೆಂದರೆ ಕೊಕ್ಕೆಯನ್ನು ಬಿಗಿಯುವುದಲ್ಲ, ಹ್ಯಾಂಡಲಿನ ಎಳೆತ ಪಾಲಿಗೆ ತಲುಪದಂತೆ ನಡುವೆ ತಪ್ಪಿಸುವುದು. ಇದು ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಹ್ಯಾಂಡಲ್ ಸಡಿಲವಾಗಿ, ಏನೂ ಭಾರವಿಲ್ಲದಂತೆ ಬಂದರೆ ರಾಡಿನ ತುದಿಯ ಪ್ಲಾಸ್ಟಿಕ್ ಕ್ಲಿಪ್ ಮುರಿದಿದೆ ಅಥವಾ ಕೇಬಲ್ ಕಳಚಿದೆ. ಆಗ ಲಾಚ್ ಚೆನ್ನಾಗಿಯೇ ಇರುತ್ತದೆ. ಹ್ಯಾಂಡಲಿನಲ್ಲಿ ಸ್ಪ್ರಿಂಗಿನ ಬಿಗಿ ಇದ್ದೂ ಬಾಗಿಲು ಬಿಡದಿದ್ದರೆ ಪಾಲ್ ಹಿಡಿದುಕೊಂಡಿರಬೇಕು, ಇಲ್ಲವೇ ಲಾಕಿನ ಲಿವರ್ ಪೂರ್ತಿ ಸರಿಯದೆ ನಡುವೆ ನಿಂತಿರಬೇಕು. ರಿಮೋಟ್ ಒತ್ತಿದಾಗ ಬೇರೆ ಬಾಗಿಲುಗಳಿಂದ ಗಟ್ಟಿ ‘ಟಕ್’ ಬಂದು ಇದರಿಂದ ಬರೀ ಗುಂಯ್‌ಗುಡುವ ಸದ್ದು ಬಂದರೆ ಲಾಕ್ ತಿರುಗಿಸುವ ಮೋಟರೇ ಸೋತಿದೆ. ಹಿಂದಿನ ಬಾಗಿಲು ಹೊರಗಿನಿಂದ ತೆಗೆದು ಒಳಗಿನಿಂದ ಮಾತ್ರ ತೆಗೆಯದಿದ್ದರೆ, ಏನನ್ನೂ ಬಿಚ್ಚುವ ಮುಂಚೆ ಬಾಗಿಲ ಅಂಚಿನಲ್ಲಿರುವ ಚೈಲ್ಡ್ ಲಾಕ್ ನೋಡಿ. ಕಾರು ತೊಳೆಯುವಾಗಲೋ ಸಾಮಾನು ಇಳಿಸುವಾಗಲೋ ಅದು ಸರಿದಿರುವುದುಂಟು.

ಎಲ್ಲಕ್ಕಿಂತ ಸುಲಭವಾದದ್ದು, ಬಾಗಿಲು ತೆರೆದೇ ಇದ್ದು ಹಾಕಲು ಹೋದರೆ ಬಡಿದು ವಾಪಸ್ ಬರುವ ಸ್ಥಿತಿ. ಕೊಕ್ಕೆಯ ಬಾಯಿ ಕಡೆ ನೋಡಿ. ಬಾಗಿಲು ತೆರೆದಿರುವಾಗಲೇ ಅದು ಮುಚ್ಚಿದ ಸ್ಥಿತಿಗೆ ತಿರುಗಿದ್ದರೆ ಸ್ಟ್ರೈಕರಿಗೆ ಒಳಗೆ ಹೋಗಲು ಜಾಗವೇ ಇರುವುದಿಲ್ಲ. ಒಂದು ಕೈಯಲ್ಲಿ ಹೊರಗಿನ ಹ್ಯಾಂಡಲ್ ಎಳೆದು ಹಿಡಿದು, ಇನ್ನೊಂದು ಕೈಯಲ್ಲಿ ಸ್ಕ್ರೂಡ್ರೈವರಿನಿಂದ ಕೊಕ್ಕೆಯನ್ನು ಬಾಯಿ ತೆರೆಯುವ ಕಡೆಗೆ ತಿರುಗಿಸಿದರೆ ಮುಗಿಯಿತು. ಹಾಗೆಯೇ ಜೋರಾಗಿ ಬಾಗಿಲು ಬಡಿದರೆ ಕೊಕ್ಕೆಯೂ ಸ್ಟ್ರೈಕರೂ ಎರಡೂ ಪೆಟ್ಟು ತಿನ್ನುತ್ತವೆ. ಕೊಕ್ಕೆಯ ಬಾಯಿ ತೆರೆದೇ ಇದ್ದು ಬಾಗಿಲು ನಿಲ್ಲುತ್ತಿಲ್ಲವೆಂದರೆ ಹಳೆಯ ಗ್ರೀಸ್ ಧೂಳಿನೊಂದಿಗೆ ಸೇರಿ ಗಟ್ಟಿಯಾಗಿದೆ, ಪಾಲ್ ತನ್ನ ಜಾಗಕ್ಕೆ ವಾಪಸ್ ಬರುತ್ತಿಲ್ಲ. ಚಳಿಯ ಬೆಳಗ್ಗೆ ತೊಂದರೆ ಕೊಟ್ಟು ಬಿಸಿಲೇರಿದ ಮೇಲೆ ಸರಿಹೋಗುವ ಲಾಚಿನದೂ ಇದೇ ಕಥೆ, ತಂಪಿಗೆ ಗ್ರೀಸ್ ಇನ್ನಷ್ಟು ಬಿಗಿಯುತ್ತದೆ.

ಮುಚ್ಚಿದ ಬಾಗಿಲು ತೆಗೆಯದಿರುವುದೇ ಕಷ್ಟದ ಕೆಲಸ. ಇಲ್ಲಿ ಹೆಚ್ಚಿನವರು ಹ್ಯಾಂಡಲನ್ನು ಇನ್ನೂ ಬಲವಾಗಿ ಎಳೆಯುತ್ತಾರೆ, ಪ್ಲಾಸ್ಟಿಕ್ ಹ್ಯಾಂಡಲ್ ಕೈಗೆ ಬರುತ್ತದೆ. ಬಾಗಿಲ ಸುತ್ತಲಿನ ರಬ್ಬರ್ ಬಾಗಿಲನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. ಆ ಒತ್ತಡವೆಲ್ಲ ಕೊಕ್ಕೆಯ ಹಲ್ಲಿನ ಮೂಲಕ ಪಾಲಿನ ಮೇಲೆ ಬೀಳುತ್ತದೆ. ಆದ್ದರಿಂದ ಒಬ್ಬರು ಲಾಚ್ ಇರುವ ಕಡೆ ಅಂಗೈಯಿಂದ ಬಾಗಿಲನ್ನು ಒಳಕ್ಕೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಹ್ಯಾಂಡಲ್ ಎಳೆಯಬೇಕು. ಹೊರೆ ಇಳಿದ ಪಾಲ್ ಕಡಿಮೆ ಬಲಕ್ಕೇ ಏಳುತ್ತದೆ. ಆಗಲಿಲ್ಲವೆಂದರೆ ಒಳಗಿನ, ಹೊರಗಿನ ಹ್ಯಾಂಡಲ್ ಎರಡನ್ನೂ ಒಟ್ಟಿಗೆ ಎಳೆದು ಹಿಡಿದು, ಬಾಗಿಲನ್ನು ಒಳಕ್ಕೆ ಒತ್ತುತ್ತಾ ಬಿಡುತ್ತಾ ಲಾಕ್–ಅನ್‌ಲಾಕ್ ಹತ್ತಿಪ್ಪತ್ತು ಬಾರಿ ಮಾಡುತ್ತೇನೆ. ನಡುವೆ ನಿಂತ ಲಾಕ್ ಲಿವರ್ ಈ ಅಲುಗಾಟಕ್ಕೆ ಬಿಡುವುದುಂಟು. ತುಕ್ಕು ಬಿಡಿಸುವ ಸ್ಪ್ರೇಯನ್ನು ಉದ್ದನೆಯ ನಳಿಕೆ ಹಾಕಿ, ಬಾಗಿಲ ಸಂದಿನಿಂದ ಸ್ಟ್ರೈಕರ್ ಎತ್ತರಕ್ಕೆ ಸರಿಯಾಗಿ ಹೊಡೆದು ಹದಿನೈದು ನಿಮಿಷ ಕಾದು, ಮತ್ತೊಮ್ಮೆ ಇದೇ ಪ್ರಯತ್ನ.

ಅದಕ್ಕೂ ಬಗ್ಗದಿದ್ದರೆ ಡೋರ್ ಪ್ಯಾಡ್, ಅಂದರೆ ಬಾಗಿಲ ಒಳಮೈಯ ಹೊದಿಕೆ, ಬಿಚ್ಚಲೇಬೇಕು. ಮೊದಲು ಬ್ಯಾಟರಿಯ ನೆಗೆಟಿವ್ ತುದಿ ಕಳಚಿ ಕೆಲವು ನಿಮಿಷ ಬಿಡಿ. ಬಾಗಿಲಿನಲ್ಲಿ ಏರ್‌ಬ್ಯಾಗ್ ಅಥವಾ ಅದರ ಸೆನ್ಸರ್ ಇರುವ ಕಾರುಗಳಿವೆ. ಹಳದಿ ಕನೆಕ್ಟರ್ ಕಂಡರೆ ಅದನ್ನು ಎಳೆದಾಡಬೇಡಿ. ಸ್ಕ್ರೂಗಳು ಒಳ ಹ್ಯಾಂಡಲಿನ ಹಿಂದೆ, ಕೈ ಇಡುವ ಹಿಡಿಯ ಮುಚ್ಚಳದ ಕೆಳಗೆ ಅಡಗಿರುತ್ತವೆ. ಎಲ್ಲ ತೆಗೆದ ಮೇಲೆ ಸುತ್ತಲಿನ ಕ್ಲಿಪ್‌ಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಬೇಕು. ಕಬ್ಬಿಣದ ಸ್ಕ್ರೂಡ್ರೈವರ್ ಹಾಕಿದರೆ ಪೇಂಟೂ ಹೋಗುತ್ತದೆ, ಪ್ಯಾಡಿನ ಅಂಚೂ ಮುರಿಯುತ್ತದೆ. ಬಾಗಿಲು ಮುಚ್ಚಿರುವಾಗ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಕೆಳ ಅಂಚಿನಿಂದ ಶುರುಮಾಡಿದರೆ ಜಾಗ ಸಿಗುತ್ತದೆ. ಅಂಚಿಗೆ ಸಿಗದ ಕ್ಲಿಪ್ ಒಂದೆರಡು ಮುರಿಯಬಹುದು, ಹೊಸ ಕ್ಲಿಪ್ ಮೊದಲೇ ತಂದಿಟ್ಟುಕೊಳ್ಳಿ. ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ ಮೆಲ್ಲಗೆ ಸುಲಿಯಿರಿ. ಅದು ನೀರು ತಡೆಯುವ ಪರದೆ. ವಾಪಸ್ ಅಂಟಿಸದೆ ಬಿಟ್ಟರೆ ಮಳೆನೀರು ಕಾರ್ಪೆಟ್ಟಿಗೆ ಇಳಿಯುತ್ತದೆ. ಒಳಗಿನ ತಗಡಿನ ಅಂಚು ಬ್ಲೇಡಿನಂತಿರುತ್ತದೆ, ಗ್ಲೌಸ್ ಇಲ್ಲದೆ ಕೈ ಹಾಕಬೇಡಿ.

ಟಾರ್ಚ್ ಬಿಟ್ಟು ನೋಡಿದರೆ ಹ್ಯಾಂಡಲಿನಿಂದ ಲಾಚಿಗೆ ಹೋಗುವ ರಾಡ್ ಕಾಣುತ್ತದೆ. ಅದನ್ನೇ ಬೆರಳಿನಿಂದ ಅಥವಾ ಇಕ್ಕಳದಿಂದ ಎಳೆದರೆ ಹ್ಯಾಂಡಲ್ ಮಾಡಲಾಗದ ಕೆಲಸ ಆಗುತ್ತದೆ. ಬಾಗಿಲು ತೆರೆದುಕೊಂಡರೆ ತಪ್ಪು ಹ್ಯಾಂಡಲ್ ಕಡೆಯದು. ಕ್ಲಿಪ್ ಮುರಿದಿದ್ದರೆ ಅದೇ ಅಳತೆಯ ಹೊಸ ಕ್ಲಿಪ್ ಹಾಕಿ. ತಂತಿಯಿಂದ ಕಟ್ಟುವುದನ್ನು ನಾನು ಒಪ್ಪುವುದಿಲ್ಲ: ತಂತಿ ಜಾರಿದರೆ ಬಾಗಿಲು ತೆಗೆಯುವುದಿಲ್ಲ, ಬಿಗಿಯಾದರೆ ಪಾಲ್ ಅರ್ಧ ಎದ್ದೇ ನಿಂತು ಓಡುವ ಕಾರಿನಲ್ಲಿ ಬಾಗಿಲು ತೆರೆದುಕೊಳ್ಳಬಹುದು.

ಲಾಚ್ ಹೊರತೆಗೆಯಬೇಕಾದರೆ ಗಾಜನ್ನು ಪೂರ್ತಿ ಮೇಲೇರಿಸಿ ಟೇಪಿನಿಂದ ಚೌಕಟ್ಟಿಗೆ ಅಂಟಿಸಿ. ಪವರ್ ವಿಂಡೋ ಇದ್ದರೆ ಬ್ಯಾಟರಿ ಕಳಚುವ ಮುಂಚೆಯೇ ಏರಿಸಿಕೊಳ್ಳಬೇಕು. ರಾಡ್‌ಗಳು ಯಾವ ತೂತಿನಲ್ಲಿವೆ ಎಂದು ಫೋಟೋ ತೆಗೆಯದೆ ಒಂದನ್ನೂ ಕಳಚಬೇಡಿ. ಬಾಗಿಲ ಅಂಚಿನಲ್ಲಿ ಸಾಮಾನ್ಯವಾಗಿ ಮೂರು ಸ್ಕ್ರೂ, ಬಹಳಷ್ಟು ಕಾರುಗಳಲ್ಲಿ ನಕ್ಷತ್ರದಾಕಾರದ ತೂತಿನ ಟಾರ್ಕ್ಸ್ ಟಿ30. ಇವುಗಳಿಗೆ ಕಾರ್ಖಾನೆಯಲ್ಲೇ ಅಂಟು ಹಾಕಿರುವುದುಂಟು. ಬಿಟ್ ಪೂರ್ತಿ ಕೂರುವಂತೆ ಒತ್ತಿ ತಿರುಗಿಸದಿದ್ದರೆ ತಲೆ ಸವೆದು, ಅರ್ಧ ಗಂಟೆಯ ಕೆಲಸ ಅರ್ಧ ದಿನಕ್ಕೆ ಏರುತ್ತದೆ.

ಹೊರಬಂದ ಲಾಚನ್ನು ಬ್ರೇಕ್ ಕ್ಲೀನರ್ ಮತ್ತು ಹಳೆಯ ಟೂತ್‌ಬ್ರಶ್‌ನಿಂದ, ಕೊಕ್ಕೆಯನ್ನೂ ಪಾಲನ್ನೂ ಮತ್ತೆ ಮತ್ತೆ ಆಡಿಸುತ್ತಾ, ಕಪ್ಪು ನೀರು ನಿಲ್ಲುವವರೆಗೆ ತೊಳೆಯಬೇಕು. ಮೋಟರ್ ಮತ್ತು ಸ್ವಿಚ್ ಇರುವ ಪ್ಲಾಸ್ಟಿಕ್ ಪೆಟ್ಟಿಗೆಗೆ ಕ್ಲೀನರ್ ಬೀಳಬಾರದು, ಅದನ್ನು ಬಟ್ಟೆಯಿಂದ ಮುಚ್ಚಿ. ಒಣಗಿದ ಮೇಲೆ ಬಿಳಿ ಲಿಥಿಯಂ ಗ್ರೀಸ್: ಎರಡು ತಿರುಗುಗೂಟಗಳಿಗೂ ಹಲ್ಲಿನ ಮುಖಕ್ಕೂ ಸೇರಿ ಒಂದು ಬಟಾಣಿಯಷ್ಟು ಸಾಕು. ಹೆಚ್ಚು ಮೆತ್ತಿದರೆ ಧೂಳು ಹಿಡಿದು ಮತ್ತೆ ಇದೇ ಅವಸ್ಥೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕೈಬಿಟ್ಟ ಲಾಚ್ ಕೆಲವು ವಾರ ಚೆನ್ನಾಗಿ ಓಡಿ ಮತ್ತೆ ಹಿಡಿದುಕೊಳ್ಳುವುದು ಏಕೆಂದರೆ, ಆ ಸ್ಪ್ರೇ ಉಳಿದಿದ್ದ ಗ್ರೀಸನ್ನೂ ಕರಗಿಸಿ ತಾನೂ ಆರಿಹೋಗುತ್ತದೆ. ಕೀ ಹಾಕುವ ತೂತಿಗೆ ಗ್ರೀಸ್ ಬೇಡ, ಅಲ್ಲಿ ಗ್ರಾಫೈಟ್ ಪುಡಿ.

ಪಾಲಿನ ಅಂಚು ಸವೆದು ದುಂಡಗಾಗಿದ್ದರೆ, ಸ್ಪ್ರಿಂಗ್ ಮುರಿದಿದ್ದರೆ, ಅಥವಾ ಆ ಬಾಗಿಲು ಅಪಘಾತದಲ್ಲಿ ಪೆಟ್ಟು ತಿಂದಿದ್ದರೆ ಹೊಸ ಲಾಚನ್ನೇ ಹಾಕಬೇಕು. ಅರದಿಂದ ಹಲ್ಲು ತೀಡಿ ಚೂಪು ಮಾಡುವವರಿದ್ದಾರೆ, ದಯವಿಟ್ಟು ಮಾಡಬೇಡಿ. ಅಪಘಾತದ ಹೊತ್ತಿನಲ್ಲಿ ಒಳಗಿದ್ದವರು ಹೊರಗೆ ಬೀಳದಂತೆ ಕಾಯುವುದು ಆ ಒಂದು ಹಲ್ಲು.

ಜೋಡಿಸುವಾಗ ಎಡವುವುದು ರಾಡಿನ ಉದ್ದದಲ್ಲಿ. ತಿರುಗಿಸಿ ಉದ್ದ ಹೊಂದಿಸಬಹುದಾದ, ತಿರುಪಿನ ಗೆರೆಗಳಿರುವ ರಾಡನ್ನು ಬಿಗಿಯಾಗಿ ಹೊಂದಿಸಿದರೆ ಹ್ಯಾಂಡಲ್ ಚುರುಕಾಗುತ್ತದೆ ಅನಿಸುತ್ತದೆ, ಆದರೆ ಪಾಲ್ ಪೂರ್ತಿ ಕೂರುವುದಿಲ್ಲ. ಹ್ಯಾಂಡಲ್ ಬಿಟ್ಟಾಗ ರಾಡಿನಲ್ಲಿ 1–2 ಮಿ.ಮೀ. ಸಡಿಲ ಇರಲೇಬೇಕು.

ಈಗ ಬಾಗಿಲು ಹಾಕಿ ನೋಡುವ ಆತುರ ಬೇಡ. ಏನಾದರೂ ತಪ್ಪಿದ್ದರೆ ಮತ್ತೆ ಮುಚ್ಚಿದ ಬಾಗಿಲಿನ ಮುಂದೆ ನಿಲ್ಲಬೇಕಾಗುತ್ತದೆ. ಬಾಗಿಲು ತೆರೆದಿರುವಾಗಲೇ ಸ್ಕ್ರೂಡ್ರೈವರಿನ ಕಂಬಿಯನ್ನು ಸ್ಟ್ರೈಕರ್ ಎಂದುಕೊಂಡು ಕೊಕ್ಕೆಯೊಳಗೆ ತಳ್ಳಿ. ಎರಡು ‘ಟಕ್’ ಕೇಳಬೇಕು. ಕಂಬಿಯನ್ನು ಬಲವಾಗಿ ಎಳೆದರೂ ಬಿಡಬಾರದು. ಹೊರ ಹ್ಯಾಂಡಲ್ ಎಳೆದರೆ ಥಟ್ಟನೆ ಬಿಡಬೇಕು. ಮತ್ತೆ ತಳ್ಳಿ, ಒಳ ಹ್ಯಾಂಡಲ್. ಮತ್ತೆ ತಳ್ಳಿ, ಲಾಕ್ ಮಾಡಿ ಹೊರ ಹ್ಯಾಂಡಲ್ ಎಳೆಯಿರಿ, ಈ ಸಲ ಬಿಡಬಾರದು. ಬ್ಯಾಟರಿ ಜೋಡಿಸಿದ ಮೇಲೆ ಇದನ್ನೇ ರಿಮೋಟ್‌ನಿಂದಲೂ ನೋಡಿ. ಹತ್ತು ಸಲಕ್ಕೆ ಹತ್ತೂ ಸರಿಬಂದರೆ ಮಾತ್ರ ಬಾಗಿಲು ಹಾಕಿ.

ಆಮೇಲೂ ಬಾಗಿಲು ಎತ್ತಿ ಹಾಕಿದರೆ ಮಾತ್ರ ಕೂರುತ್ತದೆ ಎಂದಾದರೆ ಲಾಚಿನ ತಪ್ಪಲ್ಲ. ಬಾಗಿಲನ್ನು ಅರ್ಧ ತೆರೆದು ತುದಿ ಹಿಡಿದು ಮೇಲೆ ಎತ್ತಿ ನೋಡಿ. ಅಲುಗಿದರೆ ಕೀಲು ಸವೆದಿದೆ. ಅಲುಗದಿದ್ದರೆ ಸ್ಟ್ರೈಕರಿನ ಈಗಿನ ಜಾಗಕ್ಕೆ ಮಾರ್ಕರಿನಿಂದ ಸುತ್ತ ಗೆರೆ ಎಳೆದು, ಅದರ ಬೋಲ್ಟ್‌ಗಳನ್ನು ಸ್ವಲ್ಪವೇ ಸಡಿಲಿಸಿ, ಒಂದು ಸಲಕ್ಕೆ ಒಂದು ಮಿ.ಮೀ.ಗಿಂತ ಹೆಚ್ಚಿಲ್ಲದಂತೆ ಸರಿಸಿ ಬಿಗಿದು ನೋಡುತ್ತಾ ಹೋಗಿ.