ಕೆಂಡದ ಕೋಳಿಗೆ ತೆಳು ಕೆಂಪು ವೈನ್

ಒಂದು ಡಿಸೆಂಬರ್‌ನಲ್ಲಿ ಅಕ್ಕ, ಭಾವ ಬೆಂಗಳೂರಿನಿಂದ ಮೂಡಿಗೆರೆಯ ನಮ್ಮ ತೋಟಕ್ಕೆ ಬಂದಿದ್ದರು. ಅರೇಬಿಕಾ ಕೊಯ್ಲು ನಡೆಯುತ್ತಿತ್ತು. ಸಂಜೆ ಮನೆಯ ಹಿಂದೆ ಒಣ ಕಾಫಿ ಬೊಡ್ಡೆ ಉರಿಸಿ ಕೆಂಡ ಮಾಡಿದೆ. ಕಣದಿಂದ ದೂರವೇ ಮಾಡಿದ್ದು. ಒಣಗುತ್ತಿರುವ ಕಾಫಿಗೆ ಹೊಗೆ ವಾಸನೆ ಹಿಡಿದರೆ ಮುಗೀತು. ಕೋಳಿಗೆ ತೋಟದ ಕಾಳುಮೆಣಸು, ಸೂಜಿಮೆಣಸು, ಉಪ್ಪು, ನಿಂಬೆರಸ ಸವರಿ ಕಂಬಿಯ ಮೇಲೆ ಇಟ್ಟೆ.

ಭಾವ ಕ್ಯಾಬರ್ನೆ ಸೊವಿನ್ಯೋಂ ಎಂಬ ದ್ರಾಕ್ಷಿಯ ಕೆಂಪು ವೈನ್, ದುಬಾರಿ ಬಾಟಲಿ, ತಂದಿದ್ದರು. ಕಪ್ಪಗೆ, ಮಂದವಾಗಿತ್ತು. ಅಕ್ಕ ಒಂದು ತುಂಡು ತಿಂದು, ಒಂದು ಗುಟುಕು ಕುಡಿದು ಮುಖ ಹಿಂಡಿದಳು. "ಇದೇನೋ ಇದು, ಅಡಿಕೆ ಚೊಗರು ಕುಡಿದ ಹಾಗಿದೆ!"

ಅವಳು ಹೇಳಿದ್ದು ಸರಿಯೇ ಇತ್ತು. ಅಡಿಕೆ ಬೇಯಿಸಿದ ಚೊಗರಿನಲ್ಲಿರುವುದೂ ಕೆಂಪು ವೈನ್‌ನಲ್ಲಿರುವುದೂ ಒಂದೇ ಜಾತಿಯ ಒಗರು, ಟ್ಯಾನಿನ್. ವೈನ್‌ಗೆ ಅದು ಬರುವುದು ಮುಖ್ಯವಾಗಿ ದ್ರಾಕ್ಷಿಯ ಸಿಪ್ಪೆ, ಬೀಜದಿಂದ. ಕೆಂಡದಲ್ಲಿ ಕರಕಲಾದ ಅಂಚಿಗೆ ತನ್ನದೇ ಕಹಿ ಇರುತ್ತದೆ. ಅದಕ್ಕೆ ಈ ಒಗರು ಸೇರಿದರೆ ಬಾಯಿ ಒಣಗಿ ಹೋಗುತ್ತದೆ. ಸಾಲದ್ದಕ್ಕೆ ಆಲ್ಕೋಹಾಲ್ ಜಾಸ್ತಿಯಾದಷ್ಟೂ ಮೆಣಸಿನ ಖಾರ ಇನ್ನೂ ಉರಿಯುತ್ತದೆ. ಆ ಬಾಟಲಿಯ ಮೇಲೆ ಶೇಕಡಾ 14.5 ಅಂತ ಬರೆದಿತ್ತು. ತಪ್ಪು ವೈನ್‌ನದ್ದಲ್ಲ. ಕೊಬ್ಬಿರುವ ಮಟನ್ ಜೊತೆ ಅದೇ ಬಾಟಲಿ ಚೆನ್ನಾಗಿರುತ್ತಿತ್ತು, ಕೊಬ್ಬು, ಮಾಂಸ ಆ ಒಗರನ್ನು ಮೆತ್ತಗೆ ಮಾಡುತ್ತವೆ.

ಅಲ್ಲಿಂದ ನಾನು ತೆಳು ಕೆಂಪು ವೈನ್‌ಗಳ ಹಿಂದೆ ಬಿದ್ದೆ. ಕಾಫಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ದಪ್ಪ ವೈನ್ ರೋಬಸ್ಟಾ ಇದ್ದ ಹಾಗೆ, ತೆಳುವಾದದ್ದು ಅರೇಬಿಕಾ. ಮೈ ಕಡಿಮೆ, ಹುಳಿ ಮತ್ತು ಪರಿಮಳ ಮುಂದೆ. ಸುಟ್ಟ ಮಾಂಸಕ್ಕೆ ನಾವು ನಿಂಬೆ ಹಿಂಡುವುದು ಯಾಕೆ? ಆ ಕೆಲಸವನ್ನೇ ವೈನ್‌ನ ಹುಳಿ ಮಾಡುತ್ತದೆ.

ಪಿನೋ ನ್ವಾರ್ ದ್ರಾಕ್ಷಿಯ ಸಿಪ್ಪೆ ತೆಳು, ಹಾಗಾಗಿ ಬಣ್ಣವೂ ಒಗರೂ ಕಡಿಮೆ. ಫ್ರಾನ್ಸಿನ ಬರ್ಗಂಡಿ ಅದರ ತವರು. ಅದರಲ್ಲಿ ಮಳೆ ಬಿದ್ದ ಮೇಲಿನ ಅಣಬೆಯಂಥ ಒಂದು ಮಣ್ಣಿನ ವಾಸನೆ ಇರುತ್ತದೆ. ನನಗೆ ಅದು ಹಿಡಿಸಿದ್ದು ಕೋಳಿಗಿಂತ ಸುಟ್ಟ ಅಣಬೆ, ಬದನೆಕಾಯಿ ಜೊತೆ. ಬೆಲೆ ಮಾತ್ರ ಕೈ ಸುಡುತ್ತದೆ. ಕೋಳಿಗೂ ಹಂದಿಗೂ ನನ್ನ ಓಟು ಗಮೇ ಎಂಬ ದ್ರಾಕ್ಷಿಗೆ. ಬಾಟಲಿಯ ಮೇಲೆ ಬೊಜೊಲೇ (ಫ್ರಾನ್ಸಿನ ಒಂದು ಪ್ರದೇಶ) ಅಂತ ಬರೆದಿರುವ ಕೆಂಪು ವೈನ್ ಈ ದ್ರಾಕ್ಷಿಯದ್ದು. ಅಲ್ಲಿ ಗೊಂಚಲನ್ನು ಜಜ್ಜದೆ ಇಡಿಯಾಗಿಯೇ ಹುದುಗಿಸುವ ಪದ್ಧತಿ ಇದೆ, ಅದಕ್ಕೇ ಹಣ್ಣಿನ ರುಚಿ ಎದ್ದು ಬರುತ್ತದೆ. 1395ರಲ್ಲಿ ಬರ್ಗಂಡಿಯ ದೊರೆ ಫಿಲಿಪ್ ಈ ಬಳ್ಳಿ ಕೆಟ್ಟದ್ದು, ಕಿತ್ತು ಹಾಕಿ ಅಂತ ಆಜ್ಞೆ ಹೊರಡಿಸಿದ್ದ. ಪಾಪ, ಅವನಿಗೆ ನಮ್ಮ ಕಾಳುಮೆಣಸಿನ ಹಂದಿ ಸಿಕ್ಕಿರಲಿಲ್ಲ.

ನಮ್ಮ ದೇಶದಲ್ಲಿ ಮಾಡುವ ಕೆಂಪು ವೈನ್‌ನಲ್ಲಿ ಕ್ಯಾಬರ್ನೆ, ಶಿರಾಜ್ ದ್ರಾಕ್ಷಿಗಳದ್ದೇ ದರ್ಬಾರು. ಮಹಾರಾಷ್ಟ್ರದ ಅಕ್ಲೂಜ್ ಕಡೆಯ ಸ್ಯಾಂಜಿಯೋವೇಸೆ ಎಂಬ ದ್ರಾಕ್ಷಿಯ ವೈನ್ ಸಿಗುತ್ತದೆ. ಅದು ತೆಳುವೂ ಅಲ್ಲ, ದಪ್ಪವೂ ಅಲ್ಲ, ಆದರೆ ಹುಳಿ ಚೆನ್ನಾಗಿದೆ. ಟೊಮೆಟೊ ಹಚ್ಚಿ ಸುಟ್ಟದ್ದಕ್ಕೆ ನಡೆಯುತ್ತದೆ. ಹೆಸರು ಗೊತ್ತಾಗದಿದ್ದರೆ ನಾನು ನೋಡುವುದು ಎರಡೇ: ಶೇಕಡಾ 13ರೊಳಗೆ ಆಲ್ಕೋಹಾಲ್, ಮತ್ತು ಗ್ಲಾಸಿಗೆ ಹಾಕಿದ ಮೇಲೆ ಹಿಂದೆ ಹಿಡಿದ ಪೇಪರಿನ ಅಕ್ಷರ ಕಾಣಬೇಕು. ಎರಡನೆಯದು ಮನೆಗೆ ತಂದ ಮೇಲೇ ಗೊತ್ತಾಗುವುದು, ಏನು ಮಾಡೋದು.

ಎಲ್ಲಕ್ಕಿಂತ ನಾನು ತಡವಾಗಿ ಕಲಿತದ್ದು ತಂಪಿನ ವಿಷಯ. ಕೆಂಪು ವೈನ್ ಫ್ರಿಜ್ಜಿಗೆ ಇಡಬಾರದು ಅಂತ ಯಾರೋ ಹೇಳಿದ್ದನ್ನು ಸುಮ್ನೆ ನಂಬಿದ್ದೆ. ತೆಳುವಾದದ್ದನ್ನು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಇಟ್ಟು, ಸುಮಾರು 13 ಡಿಗ್ರಿಗೆ ಇಳಿಸಿದರೆ ಹಣ್ಣಿನ ರುಚಿ ಚುರುಕಾಗುತ್ತದೆ. ದಪ್ಪದ್ದಕ್ಕೆ ಹೀಗೆ ಮಾಡಬೇಡಿ, ತಂಪಿಗೆ ಒಗರು ಇನ್ನೂ ಏಳುತ್ತದೆ. ಚಳಿಗಾಲದ ರಾತ್ರಿ ನಮ್ಮ ಜಗುಲಿಯೇ ಫ್ರಿಜ್ಜು. ಬಾಟಲಿ ಮಾತ್ರ ಬೆಂಕಿಯ ಹತ್ತಿರ ಬಿಡಬಾರದು, ನಾನು ಒಂದು ಸಲ ಬಿಟ್ಟು ಬಿಸಿ ಕಷಾಯ ಕುಡಿದಿದ್ದೇನೆ.

ಎಡವಿದ್ದು ಮೀನಿನಲ್ಲಿ. ಚಾರ್ಮಾಡಿ ಘಾಟಿ ಹತ್ತಿ ಬಂದ ಬಂಗುಡೆ ಸುಟ್ಟು ಗಮೇ ಜೊತೆ ಕೊಟ್ಟೆ. ಕಬ್ಬಿಣದ ಮೊಳೆ ನೆಕ್ಕಿದ ಹಾಗಾಯಿತು. ವೈನ್‌ನಲ್ಲಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆಗೆ ಸೇರಿದರೆ ಹೀಗಾಗುತ್ತದಂತೆ. ಈಗ ಬಂಗುಡೆಗೆ ಬಿಳಿ ವೈನ್, ಇಲ್ಲದಿದ್ದರೆ ಬಿಯರ್.

ಮುಂದಿನ ವರ್ಷ ಅಕ್ಕ ಬಂದಾಗ ಅದೇ ಕೋಳಿ, ಅದೇ ಸೂಜಿಮೆಣಸು, ತಣ್ಣಗಿನ ಗಮೇ. ಚೊಗರಿನ ಮಾತು ಬರಲಿಲ್ಲ. ಎರಡನೇ ಗ್ಲಾಸ್ ಅವಳೇ ಬಗ್ಗಿಸಿಕೊಂಡಳು. ಕೊನೆಗೆ ಬೂದಿಯಲ್ಲಿ ಹುಗಿದ ಗೆಣಸು ತೆಗೆದಾಗ ಭಾವ ವೈನ್ ಗ್ಲಾಸ್ ಪಕ್ಕಕ್ಕಿಟ್ಟು, "ಇದಕ್ಕೆ ಕಾಫಿ ಇದೆಯೇನಪ್ಪಾ?" ಅಂದರು.