‘ವಾಪಸ್ ತಗೋತೀರಾ?’: ನಾಣ್ಯದ ಡೀಲರ್ ಹತ್ತಿರ ಹೋಗುವ ಮುಂಚೆ

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಅವೆನ್ಯೂ ರಸ್ತೆಯ ಒಂದು ಗಲ್ಲಿಯಲ್ಲಿ 1939ರ ಬೆಳ್ಳಿ ರೂಪಾಯಿ ಕೊಂಡೆ. ಆರನೇ ಜಾರ್ಜ್ ತಲೆಯ ರೂಪಾಯಿಗಳಲ್ಲಿ ಆ ಇಸವಿಯದ್ದು ತುಂಬ ಅಪರೂಪ. ಕೊಟ್ಟ ದುಡ್ಡು ಒಂದು ತಿಂಗಳ ಮನೆ ಬಾಡಿಗೆಯಷ್ಟು. ಮನೆಗೆ ಬಂದು ತೂಗಿದೆ, 11.66 ಗ್ರಾಂ, ಸರಿಯಾಗಿತ್ತು. ಆಯಸ್ಕಾಂತಕ್ಕೂ ಅಂಟಲಿಲ್ಲ. ಎರಡು ವಾರ ಬಿಟ್ಟು ಗೆಳೆಯರೊಬ್ಬರು ಭೂತಗನ್ನಡಿಯಲ್ಲಿ ನೋಡಿ, ‘ಈ 9 ಮೊದಲು 8 ಆಗಿತ್ತು ಕಣ್ರೀ’ ಅಂದರು. 1938ರ ಅಸಲಿ ನಾಣ್ಯದ ಕೊನೆಯ ಅಂಕಿಯನ್ನು ಯಾರೋ ಕೆರೆದು ತಿದ್ದಿದ್ದರು. ಬೆಳ್ಳಿ ನಿಜ, ತೂಕ ನಿಜ, ಇಸವಿ ಮಾತ್ರ ಸುಳ್ಳು.

ಅಂಗಡಿಗೆ ಓಡಿದೆ. ‘ಕೊಳ್ಳುವಾಗಲೇ ನೋಡ್ಕೋಬೇಕಿತ್ತು ಸಾರ್’ ಎಂದರು. ಬಿಲ್ ಕೇಳಿರಲಿಲ್ಲ. ತಪ್ಪು ನನ್ನದೂ ಇತ್ತು ಬಿಡಿ.

ಹಾಗಾದರೆ ಹೇಗೆ ಕೊಳ್ಳುವುದು?

ಮೊದಲು ಲೋಹದ ಲೆಕ್ಕ ಕಲಿಯಿರಿ. ಇದು ಬಾರದಿದ್ದರೆ ಉಳಿದದ್ದೆಲ್ಲ ಸುಮ್ನೆ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ ತೂಗುತ್ತದೆ. 1939ರವರೆಗಿನದ್ದರಲ್ಲಿ ಶೇ 91.7 ಬೆಳ್ಳಿ, ಅಂದರೆ ಸುಮಾರು 10.7 ಗ್ರಾಂ. 1940ರಿಂದ 1945ರವರೆಗಿನದ್ದರಲ್ಲಿ ಅರ್ಧದಷ್ಟೇ, ಸುಮಾರು 5.8 ಗ್ರಾಂ. ಮುಖ ನೋಡಿದರೆ ಎರಡೂ ಹೆಚ್ಚುಕಮ್ಮಿ ಒಂದೇ ಥರ. ಅಂಗಡಿಗೆ ಹೋಗುವ ದಿನ ಬೆಳಿಗ್ಗೆ ಪೇಪರ್‌ನಲ್ಲಿ ಬೆಳ್ಳಿ ರೇಟ್ ನೋಡಿ ಗುಣಿಸಿಕೊಳ್ಳಿ. ಡೀಲರ್ ಹೇಳುವ ಬೆಲೆಯಲ್ಲಿ ಬೆಳ್ಳಿಗೆಷ್ಟು, ನಾಣ್ಯಕ್ಕೆಷ್ಟು ಎಂದು ಆಗ ಗೊತ್ತಾಗುತ್ತದೆ. 1947ರ ಹುಲಿ ರೂಪಾಯಿ ಮಾತ್ರ ನಿಕಲ್. ಅದು ಆಯಸ್ಕಾಂತಕ್ಕೆ ಅಂಟಿಯೇ ಅಂಟುತ್ತದೆ. ಅದನ್ನು ನಕಲಿ ಅಂತ ವಾದ ಮಾಡಿ ನಗೆಪಾಟಲಾದವರನ್ನು ನೋಡಿದ್ದೇನೆ (ಒಬ್ಬರು ನಾನೇ).

ಹಳೆಯದೆಲ್ಲ ದುಬಾರಿ ಎನ್ನುವ ಭ್ರಮೆಯನ್ನೂ ಬಿಡಿ. ವಿಕ್ಟೋರಿಯಾ ರಾಣಿಯ 1862ರ ರೂಪಾಯಿ ಮನೆಮನೆಯ ಕಾಸಿನ ಡಬ್ಬಿಯಲ್ಲೂ ಸಿಗುತ್ತದೆ. ಏಕೆಂದರೆ 1874ರವರೆಗೂ ಟಂಕಸಾಲೆಗಳು ಅದೇ ಇಸವಿ ಹಾಕಿ ಹೊಡೆಯುತ್ತಲೇ ಇದ್ದವು. ‘ನೂರೈವತ್ತು ವರ್ಷ ಹಳೇದು ಸಾರ್’ ಎಂದು ಬೆಲೆ ಏರಿಸುವ ಡೀಲರ್‌ಗೆ ಇದು ಗೊತ್ತಿರುತ್ತದೆ. ನಿಮಗೂ ಗೊತ್ತಿರಲಿ.

ಜೇಬಲ್ಲಿ ಎರಡು ಸಾಮಾನು ಇರಲಿ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಗ್ರಾಂನ ನೂರನೇ ಭಾಗ ತೋರಿಸುವ ಸಣ್ಣ ತಕ್ಕಡಿ. ಇಸವಿಯ ಅಂಕಿಗಳ ಸುತ್ತಲಿನ ಜಾಗ ಉಳಿದ ಕಡೆಯಷ್ಟೇ ನುಣುಪಾಗಿದೆಯಾ ನೋಡಿ. ಅಂಚಿನ ಮಧ್ಯೆ ಸಣ್ಣ ಗೆರೆ ಓಡಿದ್ದರೆ ಅದು ಅಚ್ಚಿನಲ್ಲಿ ಎರಕ ಹೊಯ್ದ ನಕಲಿ ಇರಬಹುದು (1940ರ ನಂತರದ ಅರ್ಧ ಬೆಳ್ಳಿಯ ರೂಪಾಯಿಗಳ ಅಂಚಿನಲ್ಲಿ ಟಂಕಸಾಲೆಯೇ ಹಾಕಿದ ತೋಡು ಬೇರೆ). ಮೇಲುಗಡೆ ಒರಟು ಕಂಡರೆ, ಕಾಸಿನ ಸರದ ಕೊಂಡಿ ಬೆಸೆದು ತೆಗೆದ ಜಾಗವಾ ಎಂದು ಕೇಳಿ. ನಾಣ್ಯ ಅಸಲಿಯೇ ಆದರೂ ಬೆಲೆ ಅಲ್ಲಿಗೇ ಇಳಿಯುತ್ತದೆ. ತಕ್ಕಡಿ ತೆಗೆದ ತಕ್ಷಣ ಮುಖ ಸಿಂಡರಿಸುವ ಅಂಗಡಿಯಿಂದ ಎದ್ದು ಬನ್ನಿ.

ಮೊದಲ ಸಲ ಸಣ್ಣದನ್ನೇ ಕೊಳ್ಳಿ. ಆಮೇಲೆ ಕೇಳಿ: ‘ಇದನ್ನೇ ಆರು ತಿಂಗಳು ಬಿಟ್ಟು ತಂದರೆ ಎಷ್ಟಕ್ಕೆ ವಾಪಸ್ ತಗೋತೀರಾ?’ ಈ ಒಂದು ಪ್ರಶ್ನೆಗೆ ನಾನು ಕೊಡುವಷ್ಟು ಬೆಲೆ ಬೇರೆ ಯಾವ ಪರೀಕ್ಷೆಗೂ ಕೊಡುವುದಿಲ್ಲ. ಕೊಂಡ ಬೆಲೆಗಿಂತ ಕಡಿಮೆಯೇ ಹೇಳುತ್ತಾರೆ, ಹೇಳಲೇಬೇಕು, ಅವರೂ ಬಾಡಿಗೆ ಕಟ್ಟಬೇಕಲ್ವಾ? ಆದರೆ ನೇರವಾಗಿ ಒಂದು ಅಂಕಿ ಹೇಳುವವರು ಬೇರೆ, ‘ಇದರ ರೇಟ್ ಏರ್ತಾನೇ ಇರುತ್ತೆ, ನೀವ್ಯಾಕೆ ಮಾರ್ತೀರಾ’ ಎಂದು ಮಾತು ತೇಲಿಸುವವರು ಬೇರೆ. ನಕಲಿ ಎಂದು ಗೊತ್ತಾದರೆ ದುಡ್ಡು ವಾಪಸ್ ಕೊಡುತ್ತೀರಾ ಅಂತಲೂ ಕೇಳಿ, ಬಿಲ್‌ನಲ್ಲೇ ಬರೆಸಿ. ಬಿಲ್ ಮೇಲೆ ‘ಹಳೆ ನಾಣ್ಯ 1’ ಎಂದಷ್ಟೇ ಇದ್ದರೆ ಸಾಲದು. ಇಸವಿ, ತೂಕ, ಯಾರ ಕಾಲದ್ದು ಎಲ್ಲ ಇರಬೇಕು.

ಒಂದೇ ಅಂಗಡಿ ನೋಡಿ ತೀರ್ಮಾನ ಮಾಡಬೇಡಿ. ಕೆಂಪೇಗೌಡ ರಸ್ತೆಯ ಶಿಕ್ಷಕರ ಸದನದಲ್ಲಿ ನಡೆಯುವಂಥ ನಾಣ್ಯ ಪ್ರದರ್ಶನಗಳಿಗೆ ಹೋದರೆ ಹತ್ತಾರು ಡೀಲರ್‌ಗಳ ಟೇಬಲ್ ಒಂದೇ ಕಡೆ ಸಿಗುತ್ತವೆ. ಒಂದೇ ನಾಣ್ಯದ ಬೆಲೆ ಐದು ಟೇಬಲ್‌ನಲ್ಲಿ ವಿಚಾರಿಸಿ. ಒಂದು ದಿನದಲ್ಲಿ ಒಂದು ವರ್ಷದ ಪಾಠ ಆಗುತ್ತದೆ.

ಫೋನಿನಲ್ಲಿ ‘ನಿಮ್ಮ ವೈಷ್ಣೋದೇವಿ ನಾಣ್ಯಕ್ಕೆ ಐದು ಲಕ್ಷ ಕೊಡ್ತೀವಿ, ಮೊದಲು ರಿಜಿಸ್ಟ್ರೇಷನ್ ಫೀ ಕಟ್ಟಿ’ ಎನ್ನುವವರು ಡೀಲರ್‌ಗಳೇ ಅಲ್ಲ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಕಮಿಷನ್ ಕೇಳುವುದೂ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಹೇಳಿದೆ. ಹಾಗೇ ಇನ್ನೊಂದು ಮಾತು: ನೂರು ವರ್ಷ ದಾಟಿದ ನಾಣ್ಯವನ್ನು ಅಮೆರಿಕದಲ್ಲಿರುವ ಮಗನಿಗೆ ಅಂತ ಪಾರ್ಸೆಲ್ ಮಾಡಬೇಡಿ. 1972ರ ಪುರಾತನ ವಸ್ತುಗಳ ಕಾಯ್ದೆ ಅದಕ್ಕೆ ಒಪ್ಪುವುದಿಲ್ಲ.

ಮಾರುವಾಗ? ಮೊದಲನೆಯದಾಗಿ, ಉಜ್ಜಬೇಡಿ. ನಮ್ಮ ಪಕ್ಕದ ಮನೆಯ ಅಜ್ಜಿ ಪ್ರತಿ ದೀಪಾವಳಿಗೂ ಲಕ್ಷ್ಮೀಪೂಜೆಗೆಂದು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿದ್ದ ಒಂದು ಡಬ್ಬಿ ನಾಣ್ಯಗಳನ್ನು ಜಯನಗರದ ಒಬ್ಬ ಡೀಲರ್ ಹತ್ತಿರ ತೆಗೆದುಕೊಂಡು ಹೋಗಿದ್ದೆ. ಅವರು ಅರ್ಧ ಗಂಟೆ ಕೂತು ಮೂರು ಗುಡ್ಡೆ ಮಾಡಿದರು. ತಿಕ್ಕಿ ಸವೆದ ಬೆಳ್ಳಿ ನಾಣ್ಯಗಳ ಒಂದು ಗುಡ್ಡೆಗೆ ಬರೀ ಬೆಳ್ಳಿಯ ತೂಕದ ರೇಟ್ ಹೇಳಿದರು. ಇನ್ನೊಂದು, ಮೊನ್ನೆ ಮೊನ್ನೆಯ ಚಿಲ್ಲರೆ, ‘ಇದು ಬಸ್ಸಿಗೆ ಕೊಡಿ’ ಅಂದರು. ಮೂರನೆಯದರಲ್ಲಿ ಇದ್ದದ್ದು ಎರಡೇ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, ‘ಮಯಿಲಿ ಕಾಸು’ ಎಂದು ಕನ್ನಡದಲ್ಲೇ ಬರೆದ ತಾಮ್ರದ ಕಾಸು ಒಂದು. ಇನ್ನೊಂದು, ಅಜ್ಜಿಯ ಕೈಗೆ ಸಿಗದೆ ಡಬ್ಬಿಯ ತಳದಲ್ಲಿ ಕಪ್ಪಾಗಿ ಉಳಿದಿದ್ದ 1911ರ ರೂಪಾಯಿ. ಐದನೇ ಜಾರ್ಜ್ ಎದೆಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆ ಎಂದು ಗಲಾಟೆಯಾದ ನಾಣ್ಯ ಅದು.

‘ಇದನ್ನ ನನಗೆ ಕೊಡಬೇಡಿ. ಹರಾಜಿಗೆ ಹಾಕಿ, ಜಾಸ್ತಿ ಬರುತ್ತೆ’ ಅಂದರು. ಅಜ್ಜಿ ಅದನ್ನು ಹರಾಜಿಗೂ ಕೊಡಲಿಲ್ಲ. ಆದರೆ ನಾನು ಈಗ ಏನು ಕೊಂಡರೂ ಆ ಅಂಗಡಿಯಲ್ಲೇ.